ಬೆಳಕಿನ ಅಂಪೈರ್

ನಾನು ಟೋಲೊ ಅವರನ್ನು ಮೊದಲ ಬಾರಿ ಕಂಡ ದಿನ ಅವರು ಮೈದಾನದ ನಟ್ಟನಡುವೆ ನಿಂತು, ಸಾಬೂನಿನ ಡಬ್ಬಿಯಷ್ಟು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆಯನ್ನು ಮೇಲೆತ್ತಿ ಹಿಡಿದು, ತಪ್ಪು ಮಾಡಿದ ಹುಡುಗನನ್ನು ವಿಚಾರಿಸುವವರಂತೆ ಆಕಾಶವನ್ನು ದಿಟ್ಟಿಸುತ್ತಿದ್ದರು.

ಕ್ರಿಸ್‌ಮಸ್ಸಿನ ಮರುದಿನ. ಆ ವಾರವೆಲ್ಲ ದಕ್ಷಿಣ ಆಫ್ರಿಕಾದ ಕೊಮಾನಿಯ ಸುತ್ತಲಿನ ಹಳ್ಳಿಗಳಲ್ಲಿ ಕ್ರಿಕೆಟ್ಟೇ ಹಬ್ಬ. ಗೆದ್ದ ತಂಡಕ್ಕೆ ಒಂದು ಎತ್ತು. ನಾನು ಅಲ್ಲಿನ ಶಾಲೆಗೆ ಗಣಿತ ಕಲಿಸಲು ಬಂದು ಹೆಚ್ಚು ದಿನವಾಗಿರಲಿಲ್ಲ. ಇಂಡಿಯಾದವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಎರಡನೆಯ ಅಂಪೈರ್ ಆಗಿ ನಿಲ್ಲಿಸಿದ್ದರು. ನನಗೆ ನಿಯಮಗಳು ಸರಿಯಾಗಿ ತಿಳಿಯವು ಎಂದು ಬೇಡಿಕೊಂಡರೆ, “ಇಂಡಿಯಾದವರಿಗೆ ತಿಳೀದೆ ಇರುತ್ತಾ ಮೇಷ್ಟ್ರೆ? ನೀವು ಹೊಟ್ಟೇಲಿದ್ದಾಗ್ಲೇ ಕಲ್ತಿರ್ತೀರಿ. ಸುಮ್ನೆ ಹೋಗಿ ನಿಂತ್ಕೊಳ್ಳಿ” ಎಂದು ಬೆನ್ನು ತಟ್ಟಿ ಕಳಿಸಿದ್ದರು.

ಮಧ್ಯಾಹ್ನ ಇಳಿಯುತ್ತಿದ್ದಂತೆ ಬೆಟ್ಟದ ಕಡೆಯಿಂದ ಗುಡುಗಿನ ಮೋಡ ಏರಿಬಂತು. ಬ್ಯಾಟು ಹಿಡಿದಿದ್ದವನು ನಮ್ಮೂರ ತಂಡದ ನಾಯಕ ಡುಮಿಲೆ. ಇನ್ನೊಂದೆರಡು ಹೊಡೆತ ಬಿದ್ದರೆ ಗೆಲುವು. ಎತ್ತು ಗೆರೆಯಾಚೆಯ ಮುಳ್ಳುಮರದ ಕೆಳಗೆ ನಿಂತು, ತನ್ನ ಯಜಮಾನ ಯಾರೆಂಬ ಚಿಂತೆಯಿಲ್ಲದೆ ಮೆಲುಕು ಹಾಕುತ್ತಿತ್ತು. ಟೋಲೊ ಬೆಳಕನ್ನು ಅಳೆಯುವ ಆ ಪೆಟ್ಟಿಗೆಯ ಮುಳ್ಳನ್ನು ನೋಡಿದರು, ಮತ್ತೊಮ್ಮೆ ನೋಡಿದರು, “ಬೆಳಕು ಸಾಲದು” ಎಂದು ವಿಕೆಟ್ಟಿನ ಮೇಲಿನ ಬೇಲ್ಸ್ ತೆಗೆದು ಜೇಬಿಗೆ ಹಾಕಿಕೊಂಡರು. ಆಟ ಮುಗಿಯದೆ ನಿಂತರೆ ಎತ್ತು ಹಿಂದಿನ ವರ್ಷ ಗೆದ್ದವರಿಗೆ ಹೋಗುವುದು ಅಲ್ಲಿನ ಕಟ್ಟಳೆ.

“ನಂಗೆ ಚೆಂಡು ಚೆನ್ನಾಗಿ ಕಾಣುತ್ತಪ್ಪಾ ಟೋಲೊ!” ಎಂದು ಡುಮಿಲೆ ಕೂಗಿದ.

“ನಿನಗೆ ಕಾಣಬಹುದು. ಪೆಟ್ಟಿಗೆಗೆ ಕಾಣ್ತಿಲ್ಲವಲ್ಲ.”

“ಬ್ಯಾಟು ಮಾಡ್ತಿರೋದು ನಾನೋ, ನಿನ್ನ ಪೆಟ್ಟಿಗೆನೋ? ಆಡೋರನ್ನ ಒಂದು ಮಾತು ಕೇಳಬೇಕು ಅಂತ ಪದ್ಧತಿ ಇಲ್ವಾ?”

ಪದ್ಧತಿ ಇತ್ತು. ಆ ಕಾಲದಲ್ಲಿ ಬೆಳಕು ಮಂಕಾದಾಗ ಅಂಪೈರುಗಳು ಬ್ಯಾಟುಗಾರರನ್ನು ವಿಚಾರಿಸುವುದಿತ್ತು. ಟೋಲೊ ವಿಚಾರಿಸಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನೆಲವನ್ನು ಅಳೆಯುವವರಂತೆ ಒಂದೇ ಸಮನಾದ ಹೆಜ್ಜೆ ಇಡುತ್ತ, ಬೈಗುಳದ ಸುರಿಮಳೆಯ ನಡುವೆ ಮೈದಾನದಿಂದ ಹೊರನಡೆದರು. ಆ ಗದ್ದಲದಲ್ಲಿ ಎಲ್ಲರ ದನಿಯನ್ನೂ ಮೀರಿಸಿ ಒಬ್ಬ ಹೆಂಗಸು, “ಝೋಲಿಲೆ, ನಿನ್ನ ಪೆಟ್ಟಿಗೆಗೆ ಮೊದಲು ಕನ್ನಡಕ ಹಾಕ್ಸೋ!” ಎಂದು ಕೂಗಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ಆಕೆ ಅವರ ಸ್ವಂತ ಅಕ್ಕನೆಂದು ಆಮೇಲೆ ತಿಳಿಯಿತು. ಅಂದು ಮಳೆ ಬರಲೇ ಇಲ್ಲ.

ಝೋಲಿಲೆ ಎಂಬುದು ಅವರ ಹೆಸರು. ಟೋಲೊ ಎಂಬುದು ಕುಲ. ಗೌರವಿಸುವವರನ್ನು ಕುಲದ ಹೆಸರಿನಿಂದ ಕರೆಯುವ ನಾಡಿನಲ್ಲಿ ಅವರಿಗೆ ಹೆಸರೇ ಮರೆತುಹೋಗುವಷ್ಟು ಗೌರವ ಸಿಕ್ಕಿತ್ತು. ಅದೇ ಕುಲದ ಹೆಣ್ಣಾದ್ದರಿಂದ ಅವರ ಅಕ್ಕ ಮಾಟೋಲೊ. ಆಕೆಯೊಬ್ಬರು ಮಾತ್ರ, ತಮ್ಮನ ಮೇಲೆ ಪ್ರಸನ್ನರಾಗಿದ್ದಾಗ ಟೋಲೊ ಎಂದೂ, ಸಿಟ್ಟು ಬಂದಾಗ ಝೋಲಿಲೆ ಎಂದೂ ಕರೆಯುತ್ತಿದ್ದರು. ತಂದೆತಾಯಿ ಬೇಗ ತೀರಿಕೊಂಡಮೇಲೆ, ಹೊಲಿಗೆಯ ಯಂತ್ರ ತುಳಿದು ತಮ್ಮನನ್ನು ಓದಿಸಿದವರು ಆಕೆ. ಟೋಲೊ ಆಕೆಯನ್ನು ‘ಸಿಸಿ’, ಅಂದರೆ ಅಕ್ಕ, ಎಂದು ಕರೆಯುವಾಗ, ಆ ಬಿಳಿಗೂದಲಿನ ದೊಡ್ಡ ಮನುಷ್ಯ ಒಂದು ಕ್ಷಣ ಅರ್ಧ ಚಡ್ಡಿಯ ಹುಡುಗನಾಗಿ ಕಾಣುತ್ತಿದ್ದರು.

ವೃತ್ತಿಯಿಂದ ಅವರು ರೈಲ್ವೆಯ ಸಿಗ್ನಲ್ ವಿಭಾಗದವರು. ಬೆಳಕೆಂದರೆ ಹೌದು ಅಥವಾ ಇಲ್ಲ, ಹೋಗು ಅಥವಾ ನಿಲ್ಲು ಎಂಬ ಸಂಸ್ಕಾರ ಅಲ್ಲಿಂದಲೇ ಬಂದಿರಬೇಕು. ಭಾನುವಾರದ ಆರಾಧನೆ ಮುಗಿದೊಡನೆ ಮೊಣಕಾಲಿನವರೆಗೆ ಇಳಿಬಿದ್ದ ಬಿಳಿಯ ಅಂಪೈರ್ ಕೋಟು ಮೈಮೇಲೆ ಬರುತ್ತಿತ್ತು. ಅದರ ಅಂಚನ್ನು ಮಾಟೋಲೊ ಎಷ್ಟು ಬಾರಿ ಹೊಲಿದಿದ್ದರೆಂದರೆ, ಮೂಲ ಬಟ್ಟೆ ಯಾವುದು, ತೇಪೆ ಯಾವುದು ಎಂದು ಬೇರ್ಪಡಿಸಲಾಗುತ್ತಿರಲಿಲ್ಲ. ಬಲ ಜೇಬಿನಲ್ಲಿ ಚೆಂಡುಗಳನ್ನೆಣಿಸುವ ಬೆಣಚುಕಲ್ಲುಗಳು. ಮಾತಿಗೆ ಕುಳಿತಾಗಲೂ ಅವರ ಕೈ ಜೇಬಿನಲ್ಲಿಯೇ ಇರುತ್ತಿತ್ತು; ಕೇಳಿದ ಸಂಗತಿ ಮನಸ್ಸಿಗೆ ಒಪ್ಪಿತೆಂದರೆ ಒಂದು ಕಲ್ಲು ಬಲ ಜೇಬಿನಿಂದ ಎಡ ಜೇಬಿಗೆ ಸಾಗುತ್ತಿತ್ತು. ಪೆಟ್ಟಿಗೆಯ ಗಾಜಿನ ಮೇಲೆ ಅಕ್ಕನ ಹೊಲಿಗೆಯ ಬುಟ್ಟಿಯಿಂದ ತಂದ ಒಂದೆಳೆ ಕೆಂಪು ದಾರವನ್ನು ಅಂಟಿಸಿದ್ದರು. ಮುಳ್ಳು ದಾರವನ್ನು ದಾಟಿದರೆ ಆಟ; ದಾಟದಿದ್ದರೆ ಇಲ್ಲ.

ಒಮ್ಮೆ ನಮ್ಮ ಚರ್ಚಿನ ಪಾದ್ರಿಗಳೇ ಬ್ಯಾಟು ಹಿಡಿದು ಬಂದರು. ಟೋಲೊ ಮೊದಲ ಚೆಂಡಿಗೇ ಬೆರಳೆತ್ತಿದರು. ಮುಂದಿನ ಭಾನುವಾರದ ಉಪದೇಶ ಅನ್ಯಾಯದ ನ್ಯಾಯಾಧೀಶರನ್ನು ಕುರಿತದ್ದು. ಟೋಲೊ ಆ ದಿನ ಆರಾಧನೆಗೇ ಕೋಟು ತೊಟ್ಟು ಬಂದು, ಮುಂದಿನ ಬೆಂಚಿನಲ್ಲಿ ಕುಳಿತು, ಶ್ರದ್ಧೆಯಿಂದ ಕೇಳಿ, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಹೇಳಿದರು. ಕೊಟ್ಟ ತೀರ್ಪನ್ನು ಹಿಂದಕ್ಕೆ ಪಡೆಯಲು ಅಂಪೈರುಗಳಿಗೆ ಒಂದು ಸನ್ನೆಯುಂಟು: ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಹಾಯಿಸಿ, ಬಲಗೈಯಿಂದ ಎಡ ಹೆಗಲನ್ನೂ ಎಡಗೈಯಿಂದ ಬಲ ಹೆಗಲನ್ನೂ ಮುಟ್ಟುವುದು. ಟೋಲೊ ಆ ಸನ್ನೆ ಮಾಡಿದ್ದನ್ನು ಕಂಡವರು ಯಾರೂ ಇರಲಿಲ್ಲ. ನಾನೊಮ್ಮೆ ಕೇಳಿದಾಗ, “ಅದು ಪುಸ್ತಕದಲ್ಲಿದೆ ಮೇಷ್ಟ್ರೆ, ನನ್ನ ಕೈಯಲ್ಲಿಲ್ಲ” ಎಂದಿದ್ದರು.

ಕಾಲ ಸರಿಯಿತು. ನಮ್ಮಿಬ್ಬರಿಗೂ ನಿವೃತ್ತಿಯಾಯಿತು. ಅವರ ಮೊಣಕಾಲು ಕೈಕೊಟ್ಟು ಮೈದಾನ ದೂರವಾಯಿತು. ಅಷ್ಟರಲ್ಲಿ, ಗಾಂಜಾ ಗಿಡವನ್ನು ಸ್ವಂತ ಉಪಯೋಗಕ್ಕೆಂದು, ಬೀದಿಯವರ ಕಣ್ಣಿಗೆ ಬೀಳದಂತೆ ಮನೆಯಲ್ಲಿ ಬೆಳೆದುಕೊಂಡರೆ ಅಪರಾಧವಲ್ಲವೆಂದು ನ್ಯಾಯಾಲಯ ಹೇಳಿತು. ಅಲ್ಲಿಯವರೆಗೆ ಜೋಳದ ಸಾಲುಗಳ ನಡುವೆ ತಲೆತಗ್ಗಿಸಿ ಬೆಳೆಯುತ್ತಿದ್ದ ಗಿಡ ಮನೆಯೊಳಕ್ಕೆ ಬಂತು. ಕೊಮಾನಿಯ ಹಿಮ ಹೊರಗಿನ ಗಿಡವನ್ನು ಸುಡುತ್ತದೆ. ಹಿಮ ಬಿಟ್ಟದ್ದನ್ನು ಮೇಕೆ ತಿನ್ನುತ್ತದೆ. ಹೀಗಾಗಿ ಹಿಂದಿನ ಕೋಣೆಗಳಲ್ಲಿ, ಒಳಮೈ ಬೆಳ್ಳಿಯಂತೆ ಹೊಳೆಯುವ, ಬೀರುವಿನಷ್ಟೆತ್ತರದ ಕಪ್ಪು ಬಟ್ಟೆಯ ಗುಡಾರಗಳು ಎದ್ದವು. ಗುಡಾರ ಎದ್ದಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ಒಳಗೆ ಸೂರ್ಯನ ಬದಲಿಗೆ ಯಾವ ದೀಪ?

ಆ ಪ್ರಶ್ನೆ ಟೋಲೊ ಅವರನ್ನು ಮುಟ್ಟಿದ್ದು ಡುಮಿಲೆಯ ಮನೆಯಲ್ಲಿ. ಡುಮಿಲೆಯ ಗಿಡಗಳು ಬಿಳಚಿಕೊಂಡು, ಕತ್ತು ನೀಳವಾಗಿ, ಗುಡಾರದ ಸೂರಿನ ಕಡೆಗೆ ಚಾಚಿಕೊಂಡಿದ್ದವು. ಚಹಾ ಕುಡಿಯಲು ಹೋದ ಟೋಲೊ ಪೆಟ್ಟಿಗೆ ಹೊರತೆಗೆದರು.

“ಆವತ್ತು ನನ್ನ ಎತ್ತು ತಿಂದೆ. ಇವತ್ತು ಗಿಡ ತಿನ್ನೋಕೆ ಬಂದ್ಯಾ?” ಎಂದ ಡುಮಿಲೆ.

“ಬೆಳಕು ಸಾಲದು.”

“ಇಪ್ಪತ್ತು ವರ್ಷದಿಂದ ಅದೊಂದೇ ಮಾತು ಕಲ್ತಿದ್ದೀಯ ನೀನು.”

ಆದರೆ ಈ ಬಾರಿ ಆ ಮಾತು ಫಲಿಸಿತು. ಟೋಲೊ ದೀಪಗಳಿಗೆಂದು ಗಾಜಿನ ಮೇಲೆ ಇನ್ನೊಂದು ಎಳೆ ದಾರ ಅಂಟಿಸಿದರು. ಅಕ್ಕನ ಅಂಗಳದ ಕುಂಬಳದ ಬಳ್ಳಿ ನಳನಳಿಸುವ ಹೊತ್ತಿನ ಬಿಸಿಲಿಗೆ ಮುಳ್ಳು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ. ಆ ಅಳತೆಗೆ ತಕ್ಕ ಬಿಳಿಯ ದೀಪವೊಂದನ್ನು ಆರಿಸಿಕೊಟ್ಟರು. ಡುಮಿಲೆಯ ಗಿಡಗಳು ಮೈದುಂಬಿಕೊಂಡವು, ಸುದ್ದಿ ಹಬ್ಬಿತು. ಅಂದಿನಿಂದ ಯಾರ ಮನೆಯಲ್ಲಿ ಗುಡಾರ ಎದ್ದರೂ ಟೋಲೊ ಅವರಿಗೆ ಕರೆ. ಅವರು ಕೋಟು ತೊಟ್ಟು ಬರುವರು. ಎಲೆಗಳ ಎತ್ತರದಲ್ಲಿ ಪೆಟ್ಟಿಗೆ ಹಿಡಿಯುವರು. ದೀಪವನ್ನು ಏರಿಸಿ ಇಳಿಸಿ ಮುಳ್ಳನ್ನು ದಾರಕ್ಕೆ ತರುವರು. ಬಾರದ ದೀಪಕ್ಕೆ ಬೆರಳೆತ್ತುವರು. ನಡುವೆ ಲೋಡ್ ಶೆಡ್ಡಿಂಗ್ ಆಗಿ ಕರೆಂಟು ಹೋದರೆ, ಮಳೆಗೆ ಆಟ ನಿಂತವರಂತೆ ಹಿಂದೆ ಕೈಕಟ್ಟಿ ಕತ್ತಲೆಯಲ್ಲಿ ತಣ್ಣಗೆ ಕಾಯುವರು. ಸಂಭಾವನೆಯೆಂದರೆ ಒಂದು ಬಟ್ಟಲು ಬೇಯಿಸಿದ ಜೋಳದ ಉದುರು ಹಿಟ್ಟು, ಮೇಲೆ ಹುಳಿ ಮೊಸರು.

ದೀಪ ಮಾರುತ್ತಿದ್ದವಳು ಯಾಂಡಿಸ್ವಾ. ಕೊಳವೆಬಾವಿಯ ಪಂಪು, ಕೋಳಿಮರಿಗಳಿಗೆ ಕಾವು ಕೊಡುವ ಬಲ್ಬು ಇಟ್ಟುಕೊಂಡಿದ್ದ ಅಂಗಡಿಯನ್ನು ತಂದೆಯಿಂದ ಪಡೆದು ಗುಡಾರಗಳತ್ತ ತಿರುಗಿಸಿದ ಚುರುಕಿನ ಹೆಣ್ಣು.

“ಟಾಟಾ, ಇದು ಅಂಗಡಿ, ಸ್ಟೇಡಿಯಂ ಅಲ್ಲ. ಕೋಟು ಯಾಕೆ?” ಎಂದು ಅವಳು ನಗುವಳು. ತಂದೆಯ ವಯಸ್ಸಿನವರೆಲ್ಲ ಅಲ್ಲಿ ಟಾಟಾ.

“ತೀರ್ಪು ಕೊಡೋಕೆ ಬಂದೋನು ಬನಿಯನ್ನಲ್ಲಿ ಬರ್ತಾನಾ ಮಗಳೇ?”

“ನೀವು ಬೆರಳೆತ್ತಿದ ದೀಪ ಆಮೇಲೆ ಯಾರೂ ಮುಟ್ಟಲ್ಲ. ನನ್ನ ಗೂಡಲ್ಲಿ ಔಟಾದೋರದ್ದೇ ಒಂದು ತಂಡ ಕೂತಿದೆ ನೋಡಿ.”

ಹೀಗಿರುವಾಗ ಮಾಟೋಲೊ, ತಮ್ಮನನ್ನು ಕೇಳದೆಯೇ, ಒಂದು ಗುಡಾರವನ್ನೂ ಒಂದು ನೇರಳೆ ಬಣ್ಣದ ದೀಪವನ್ನೂ ಮನೆಗೆ ತಂದರು.

ಆಕೆಯ ಕಥೆ ಇಷ್ಟೆ. ಚರ್ಚಿನ ಮಹಿಳಾ ಸಂಘದವರು ತೊಡುವ ಕೆಂಪು ರವಿಕೆಗಳನ್ನು ಊರಿಗೆಲ್ಲ ಹೊಲಿದುಕೊಡುತ್ತಿದ್ದವರು ಆಕೆಯೇ. ವಸಂತದ ಮಹಾಸಭೆಗೆ ಬೇಕಾದ ರವಿಕೆಗಳನ್ನು ಹೊಲಿಯುವುದು ಚಳಿಗಾಲದಲ್ಲಿ. ಬೆರಳ ಗಂಟುಗಳು ಬಿಗಿದುಕೊಳ್ಳುವುದೂ ಚಳಿಗಾಲದಲ್ಲಿಯೇ. ಗಾಂಜಾದ ಮೊಗ್ಗನ್ನು ಕುರಿಯ ಕೊಬ್ಬಿನಲ್ಲಿ ಕಾಯಿಸಿ ಹಚ್ಚಿಕೊಂಡರೆ ಬೆರಳು ಮಡಿಸಲು ಬರುತ್ತದೆಂದು ಆಕೆಯ ಅನುಭವ. ಹಿಂದಿನ ವರ್ಷ ಗಿಡ ಹಿಮಕ್ಕೆ ಸಿಕ್ಕಿ ಹೋಗಿ, ಸೂಜಿ ಹಿಡಿಯಲಾಗದೆ ರವಿಕೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ಇನ್ನೊಂದು ಚಳಿಗಾಲ ಹಾಗಾದರೆ ಊರು ತನ್ನ ಬಾಗಿಲನ್ನು ಮರೆಯುತ್ತದೆ ಎಂಬ ಭಯ ಆಕೆಗಿತ್ತು. ನೇರಳೆ ದೀಪಕ್ಕೆ ಕಾವು ಕಡಿಮೆ, ಕರೆಂಟೂ ಕಡಿಮೆ. ಯಾಂಡಿಸ್ವಾ ತನ್ನ ಮನೆಯಲ್ಲಿಯೂ ಅದನ್ನೇ ಇಟ್ಟುಕೊಂಡಿದ್ದಳು. ಮಾಟೋಲೊ ಅವರಿಗೆ ಅಷ್ಟು ಸಾಕಾಯಿತು. ಗಿಡಗಳು ಚೆನ್ನಾಗಿಯೇ ಇದ್ದವು; ಮೊಗ್ಗು ಕಟ್ಟಲಾರಂಭಿಸಿದ್ದವು.

ಒಂದು ಶನಿವಾರ ಸಂಘದ ಹೆಂಗಸರು ಚಹಾಕ್ಕೆ ಸೇರಿದ್ದಾಗ ಟೋಲೊ ಬಂದರು. ಜೊತೆಗೆ ನಾನೂ ಇದ್ದೆ. ಗುಡಾರದ ಜಿಪ್ಪು ಎಳೆದು ಪೆಟ್ಟಿಗೆ ಒಳಗೆ ಹಿಡಿದರು. ಮುಳ್ಳು ಮಲಗಿದ್ದಲ್ಲಿಂದ ಏಳಲಿಲ್ಲ.

“ಬೆಳಕು ಸಾಲದು. ಇದು ದೀಪ ಅಲ್ಲ ಸಿಸಿ, ದೀಪದ ನೆರಳು.”

“ಗಿಡ ಚೆನ್ನಾಗಿದೆಯಲ್ಲೋ.”

“ಇವತ್ತು ಚೆನ್ನಾಗಿದೆ. ಮೊಗ್ಗು ಬಲಿಯೋದು ಬೇಡ್ವಾ?”

ದೀಪದ ಸರಪಳಿಯನ್ನು ಇಳಿಸಿದರು, ಮತ್ತೆ ಇಳಿಸಿದರು. ಮುಳ್ಳು ದಾರವನ್ನು ಮುಟ್ಟುವ ಹೊತ್ತಿಗೆ ದೀಪ ಗಿಡಗಳ ನೆತ್ತಿಯ ಮೇಲೆ ಕುಳಿತಂತಿತ್ತು.

“ಝೋಲಿಲೆ, ತಲೆಗೆ ತಾಗ್ತಿದೆ.”

“ತೀರ್ಪು ಕೊಟ್ಟಾಯ್ತು.”

ಹೆಂಗಸರು ತಲೆದೂಗಿದರು. ಮಾಟೋಲೊ ಜಿಪ್ಪು ಎಳೆದು, ಎಲ್ಲರಿಗೂ ಮತ್ತೊಂದು ಸುತ್ತು ಚಹಾ ಹೊಯ್ದರು.

ವಾರ ಕಳೆದು ಆಕೆ ನನಗೆ ಹೇಳಿಕಳಿಸಿದರು. ಹೋಗಿ ನೋಡಿದರೆ ಮೇಲಿನ ಎಲೆಗಳು ಬಹಳ ಸಲ ಒಗೆದ ಬಟ್ಟೆಯಂತೆ ಬಣ್ಣಗೆಟ್ಟು, ಅಂಚು ಮೇಲಕ್ಕೆ ಸುರುಟಿಕೊಂಡಿದ್ದವು. ತುದಿಯ ಮೊಗ್ಗುಗಳು ಬೆಳ್ಳಗಾಗಿದ್ದವು.

“ದೀಪ ಮೇಲೆತ್ತಬಾರದೇ ಅಮ್ಮ?” ಎಂದೆ.

“ನನಗೆ ಗೊತ್ತಿಲ್ವಾ ಮೇಷ್ಟ್ರೆ? ಅವನು ಎಲ್ಲರೆದುರಿಗೆ ಹೇಳಿದ್ದು. ಅವನ ಬೆನ್ನ ಹಿಂದೆ ನಾನು ಎತ್ತಿಬಿಟ್ರೆ ನಾಳೆ ಊರು ಏನನ್ನುತ್ತೆ? ಮೈದಾನ ಹೋಯ್ತು, ಮೊಣಕಾಲು ಹೋಯ್ತು. ಅವನಿಗೆ ಉಳಿದಿರೋದು ಆ ಕೋಟು ಒಂದೇ.” ಹೀಗೆಂದು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಗಂಟುಗಳು ಆಗಲೇ ಊದಿಕೊಳ್ಳಲಾರಂಭಿಸಿದ್ದವು. “ಆದ್ರೆ ನನಗೂ ಬೆರಳು ಬೇಕಲ್ಲ. ನೀವು ಹೇಗಾದ್ರೂ ಅವನಿಗೆ ಹೇಳಿ.”

ಹೇಳುವ ಧೈರ್ಯ ನನಗಾಗಲಿಲ್ಲ. ನಾನು ಯಾಂಡಿಸ್ವಾಳನ್ನು ಕರೆತಂದೆ. ಅವಳು ಗುಡಾರದೊಳಗೆ ಒಮ್ಮೆ ಇಣುಕಿ, ಟೋಲೊ ಅವರನ್ನು ಕರೆಸಿ ಎಂದಳು. ಅವರು ಬಂದು ನಿಂತಾಗ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ.

“ಟಾಟಾ, ಈ ಪೆಟ್ಟಿಗೆ ಮನುಷ್ಯರ ಕಣ್ಣಿಗೆ ಅಂತ ಮಾಡಿದ್ದು. ಬ್ಯಾಟ್ಸ್‌ಮನ್‌ಗೆ ಎಷ್ಟು ಕಾಣುತ್ತೆ ಅನ್ನೋದು ಅದಕ್ಕೆ ಗೊತ್ತು. ಹಳದಿ, ಬಿಳಿ ಬೆಳಕಾದ್ರೆ ಹೇಗೋ ನಡೀತು. ಈ ಕೆಂಪು, ನೀಲಿಗೆ ನಮ್ಮ ಕಣ್ಣೂ ಮಂದ, ನಿಮ್ಮ ಪೆಟ್ಟಿಗೆನೂ ಮಂದ. ಗಿಡ ಉಣ್ಣೋದು ಅದನ್ನೇ. ಮೊದಲಿದ್ದ ಎತ್ತರದಲ್ಲೇ ಅದಕ್ಕೆ ಹೊಟ್ಟೆ ತುಂಬ್ತಿತ್ತು.”

“ಪೆಟ್ಟಿಗೆ ನನಗೆ ಎಂದೂ ಸುಳ್ಳು ಹೇಳಿಲ್ಲ.”

“ಈಗ್ಲೂ ಹೇಳಿಲ್ಲ ಟಾಟಾ. ನೀವು ಅದಕ್ಕೆ ಗೊತ್ತಿಲ್ಲದ್ದನ್ನ ಕೇಳಿದ್ರಿ.”

ಟೋಲೊ ಅವರ ಜೇಬಿನಲ್ಲಿದ್ದ ಕೈ ಅಲ್ಲಿಯೇ ನಿಂತಿತು. ಯಾವ ಕಲ್ಲೂ ಸಾಗಲಿಲ್ಲ. ಟೊಪ್ಪಿಗೆ ತೆಗೆದುಕೊಂಡು ಹೊರಟುಹೋದರು. ಮಾಟೋಲೊ ಬಾಗಿಲವರೆಗೆ ಹೋಗಿ ಹಿಂತಿರುಗಿದರು. ಯಾಂಡಿಸ್ವಾ ಸರಪಳಿಗೆ ಕೈಹಾಕಿದಾಗ, “ಬೇಡ ಮಗಳೇ, ಅವನು ಬರ್ತಾನೆ” ಎಂದು ತಡೆದರು.

ಮರುದಿನ, ಭಾನುವಾರದ ಆರಾಧನೆಯ ನಂತರ, ಸಂಘದ ಹೆಂಗಸರು ಅಕ್ಕನ ಮನೆಯ ಮುಂಗೋಣೆಯಲ್ಲಿ ಸೇರಿದ್ದ ಹೊತ್ತಿಗೆ ಟೋಲೊ ಬಂದರು. ಯಾರೂ ಇಲ್ಲದ ವೇಳೆಯನ್ನು ಅವರು ಆರಿಸಿಕೊಳ್ಳಬಹುದಿತ್ತು, ಆರಿಸಿಕೊಳ್ಳಲಿಲ್ಲ. ಕೋಟಿಗೆ ಇಸ್ತ್ರಿಯಾಗಿತ್ತು. ಒಂದು ಮುಕ್ಕಾಲಿ ಕೇಳಿ ಪಡೆದು, ಗುಡಾರದ ಮುಂದೆ ಹಾಕಿಕೊಂಡು, ಪೆಟ್ಟಿಗೆಯನ್ನು ಹೊರತೆಗೆಯದೆ ಬಹಳ ಹೊತ್ತು ಎಲೆಗಳನ್ನೇ ನೋಡುತ್ತ ಕುಳಿತರು. ಸುರುಟಿದ ಎಲೆಯೊಂದನ್ನು ಬೆರಳ ಮೇಲೆ ಇಟ್ಟುಕೊಂಡು ಬಿಡಿಸಿದರು. ಅದು ಮತ್ತೆ ಸುರುಟಿತು. ಕೆಳಗಿನ ನೆರಳಿನಲ್ಲಿದ್ದ ಹಸಿರು ಎಲೆಯನ್ನು ಮುಟ್ಟಿದರು. ದೀಪದ ಕೆಳಗೆ ಅಂಗೈ ಚಾಚಿದರು.

“ಆಡೋರನ್ನ ಕೇಳಬೇಕಿತ್ತು” ಎಂದರು, ತಮ್ಮಷ್ಟಕ್ಕೆ.

ಆಮೇಲೆ ಎದ್ದು ನಿಂತು ನಮ್ಮ ಕಡೆಗೆ ತಿರುಗಿದರು. ಹಿಂದಿನಿಂದ ಬೀಳುತ್ತಿದ್ದ ಬೆಳಕಿಗೆ ಆ ಬಿಳಿಯ ಕೋಟಿನ ಅಂಚೆಲ್ಲ ನೇರಳೆಯಾಗಿತ್ತು. ಮೈದಾನದ ತುದಿಯಲ್ಲಿರುವ ಲೆಕ್ಕಬರೆಯುವವನಿಗೂ ಕಾಣಲೆಂಬಂತೆ, ನಿಧಾನವಾಗಿ, ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಹಾಯಿಸಿ ಎರಡು ಹೆಗಲುಗಳನ್ನು ಮುಟ್ಟಿಕೊಂಡರು. ಆ ಸನ್ನೆಯ ಅರ್ಥ ತಿಳಿಯದವರು ಆ ಊರಿನಲ್ಲಿ ಇರಲಿಲ್ಲ. ಬಳಿಕ ತಾವೇ ಸರಪಳಿ ಎಳೆದು ದೀಪವನ್ನು ಮೊದಲಿದ್ದ ಎತ್ತರಕ್ಕೆ ಏರಿಸಿದರು.

“ಚಹಾ ಆರಿಹೋಗುತ್ತೆ, ಬಾ ಟೋಲೊ” ಎಂದರು ಅಕ್ಕ.

ಸುಟ್ಟ ತುದಿಗಳು ಚಿಗುರಲಿಲ್ಲ. ಅರ್ಧದಷ್ಟು ಗಿಡ ಮಾತ್ರ ಉಳಿಯಿತು. ಕೊಬ್ಬಿನಲ್ಲಿ ಕಾಯಿಸಿದ್ದು ಆ ಚಳಿಗಾಲದ ಅರ್ಧಕ್ಕಷ್ಟೇ ಬಂತು. ಉಳಿದರ್ಧದಲ್ಲಿ ಆಕೆಯ ಬೆರಳು ಯಂತ್ರವನ್ನು ನಡೆಸಬಲ್ಲದಾಗಿತ್ತು, ಸೂಜಿಗೆ ದಾರ ಪೋಣಿಸಲಾರದಾಗಿತ್ತು. ಪೋಣಿಸಿಕೊಟ್ಟವರು ಟೋಲೊ. ಪ್ರತಿ ಮಧ್ಯಾಹ್ನ ಬಂದು, ಕಿಟಕಿಯ ಬಳಿ ಕುಳಿತು, ಸೂಜಿಯನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಕೆಂಪು ದಾರವನ್ನು ಸೂಜಿಯ ಕಣ್ಣಿನೊಳಗೆ ತೂರಿಸುವರು. ಆ ವರ್ಷದ ರವಿಕೆಗಳು ಮಹಾಸಭೆಗೆ ಮುಂಚೆಯೇ ಊರವರ ಕೈ ಸೇರಿದವು.

ಕಳೆದ ಡಿಸೆಂಬರಿನಲ್ಲಿ ನಾವು ಮುದುಕರು ಮೈದಾನದಂಚಿನಲ್ಲಿ ಕುಳಿತು ಆಟ ನೋಡುತ್ತಿದ್ದಾಗ, ಟೋಲೊ ಇದ್ದಕ್ಕಿದ್ದಂತೆ ಡುಮಿಲೆಯ ಕಡೆಗೆ ತಿರುಗಿ ಕೇಳಿದರು: “ಆವತ್ತು ನಾನು ನಿನ್ನ ಕೇಳಬೇಕಿತ್ತು. ಕೇಳಲಿಲ್ಲ. ಈಗ ಕೇಳ್ತೀನಿ, ಚೆಂಡು ಕಾಣ್ತಿತ್ತಾ?”

ಡುಮಿಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಎಲ್ಲಿ ಕಾಣ್ತಿತ್ತು ಮಾರಾಯ! ಬೌಲರ್ರೇ ಕಾಣ್ತಿರಲಿಲ್ಲ. ನನಗೆ ಎತ್ತು ಕಾಣ್ತಿತ್ತು.”

ಟೋಲೊ ನಗಲಿಲ್ಲ. ಒಂದು ಕಲ್ಲು ಬಲ ಜೇಬಿನಿಂದ ಎಡ ಜೇಬಿಗೆ ಹೋಯಿತು. “ಎಲೆಗೆ ಎತ್ತಿನ ಆಸೆ ಇಲ್ಲ ಮೇಷ್ಟ್ರೆ” ಎಂದು ನನ್ನ ಕಿವಿಯಲ್ಲಿ ಹೇಳಿದರು. “ಅದನ್ನ ಕೇಳೋದು ಸುಲಭ.”

ಇಂಥ ಹಲವರನ್ನು ನಾನು ಶಾಲೆಯಲ್ಲಿ, ಚರ್ಚಿನಲ್ಲಿ, ರೈಲು ನಿಲ್ದಾಣದಲ್ಲಿ ಕಂಡಿದ್ದೇನೆ. ಯಾರೋ ಒಬ್ಬರು ಬೆರಳೆತ್ತದಿದ್ದರೆ ಆಟವೇ ನಡೆಯದೆಂದು ಬಲ್ಲ ಅವರು, ಎಲ್ಲರ ಬೈಗುಳವನ್ನೂ ಕೋಟಿನಂತೆ ತೊಟ್ಟು ನಿಲ್ಲುತ್ತಾರೆ. ನಾವು ಅದನ್ನು ಹಟವೆನ್ನುತ್ತೇವೆ. ಎತ್ತಿದ ಬೆರಳನ್ನು ಎತ್ತಿದಷ್ಟೇ ಬಹಿರಂಗವಾಗಿ ಇಳಿಸುವ ದಿನ ಅವರಿಗೆ ಬರದೆ ಹೋದರೆ ಆ ಹೆಸರೇ ಉಳಿಯುತ್ತದೆ. ಆ ದಿನ ಬಂದು, ಅವರು ಅದನ್ನು ಬಾಗಿಲು ಮುಚ್ಚಿಕೊಳ್ಳದೆ ಮಾಡಿದರೆ, ಅಷ್ಟು ವರ್ಷ ಅವರು ಕಾದುಕೊಂಡು ಬಂದದ್ದು ತಮ್ಮ ಮಾತನ್ನಲ್ಲ, ಆಟವನ್ನು ಎಂದು ಆಗ ತಿಳಿಯುತ್ತದೆ.

ಈಗಲೂ ಗುಡಾರವೆದ್ದ ಮನೆಗಳಿಂದ ಅವರಿಗೆ ಕರೆ ಬರುತ್ತದೆ. ಪೆಟ್ಟಿಗೆ ಅಕ್ಕನ ಹೊಲಿಗೆಯ ಬುಟ್ಟಿಯಲ್ಲಿ ಬಟ್ಟೆ ಹಾರದಂತೆ ಒತ್ತಿಡುವ ಭಾರವಾಗಿದೆ. ಕೋಟು ತೊಟ್ಟು ಹೋಗಿ, ಮುಕ್ಕಾಲಿ ಹಾಕಿಸಿಕೊಂಡು, ಎಲೆಗಳ ಮುಂದೆ ಕೂರುತ್ತಾರೆ, ಎರಡು ದಿನ ಬಿಟ್ಟು ಮತ್ತೆ ಹೋಗಿ ಕೂರುತ್ತಾರೆ, ಆಮೇಲೆ ಮಾತು. ಮಧ್ಯಾಹ್ನವಾದರೆ ಅಕ್ಕನ ಕಿಟಕಿಯ ಬಳಿ ಇರುತ್ತಾರೆ. ಮೊನ್ನೆ ನಾನು ಹೋದಾಗ ಬೆಟ್ಟದ ಕಡೆಯಿಂದ ಮೋಡ ಏರಿ ಕೋಣೆ ಮಂಕಾಗುತ್ತಿತ್ತು. ಟೋಲೊ ಸೂಜಿಯನ್ನು ಮೇಲೆತ್ತಿ ಆಕಾಶವನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿಕೊಂಡರು. ನಂತರ ಯಂತ್ರದ ಕಡೆಗೆ ಬಾಗಿ ಕೇಳಿದರು:

“ಸಿಸಿ, ನಿನಗೆ ಕಾಣುತ್ತಾ?”

“ಕಾಣುತ್ತಪ್ಪಾ.”

“ಹಾಗಾದ್ರೆ ಆಟ ನಡೀಲಿ.”